ಉಪ್ಪು ಹೇಳುವವನು

ಮೊದಲ ಟಾಕೊವನ್ನು ಕಚ್ಚಿ ಕಣ್ಣು ಮುಚ್ಚಿದಾಗ ಸುಬ್ರಾಯನಿಗೆ ಸಿಕ್ಕಿದ್ದು ಶಬ್ದ ಮಾತ್ರ, ಹಪ್ಪಳ ಮುರಿದಂಥ ಒಂದು ಶಬ್ದ. ಅದರ ಹಿಂದೆ ಏನೋ ಮೆತ್ತಗಿನದು, ಏನೋ ತಣ್ಣಗಿನದು, ಏನೋ ಜಾರುವಂಥದು ಒಂದಾದ ಮೇಲೊಂದು ನಾಲಿಗೆಯ ಮೇಲೆ ಬಂದು ಹೋದವು. ತಾನು ಯಾರ ಪೈಕಿ ಎಂದು ಒಂದೂ ಹೇಳಲಿಲ್ಲ. ಎದುರಿಗೆ ಉಷಾ ಮತ್ತು ಗುರುಚರಣ ತಮ್ಮ ಪಾಲನ್ನು ಮುಟ್ಟದೆ ಅವನ ಮುಖವನ್ನೇ ನೋಡುತ್ತ ಕೂತಿದ್ದರು. ಇಪ್ಪತ್ತು ವರ್ಷದ ಪದ್ಧತಿ ಅದು, ಸುಬ್ರಾಯ ತೀರ್ಪು ಕೊಡುವ ತನಕ ಉಳಿದವರು ಬಾಯಿಗಿಡುವಂತಿಲ್ಲ. ನುಂಗಂಬಾಕ್ಕಂನ ಆ ಅಂಗಡಿಯ ಗೋಡೆಯ ಮೇಲೆ ತಲೆಬುರುಡೆಯೊಂದು ಹೂ ಮುಡಿದು ಹಲ್ಲು ಕಿರಿಯುತ್ತಿತ್ತು. ಊಟದ ಜಾಗದಲ್ಲಿ ಸತ್ತವರ ಮುಖ ತೂಗುಹಾಕುತ್ತಾರಲ್ಲ ದರಿದ್ರದವರು ಅಂದುಕೊಂಡ. ಮರುಗಳಿಗೆಗೆ, ನಮ್ಮ ಹೋಟೆಲಿನ ಗಲ್ಲಾದ ಮೇಲೆ ಅಪ್ಪನ ಫೋಟೋ ಇದೆಯಲ್ಲ, ಅದೂ ಹೂ ಮುಡಿದೇ ಇದೆಯಲ್ಲ ಎಂದು ಹೊಳೆದು, ನಗು ಬಂದು, ನಗುವಿನ ಜೊತೆಗೆ ಆ ಮೆತ್ತಗಿನದನ್ನೂ ನುಂಗಿಬಿಟ್ಟ.

"ಹುಳಿ ಸ್ವಲ್ಪ ಮುಂದೆ ಬಂದಿದೆ," ಎಂದ. "ಜೀರಿಗೆ ಹುರಿದದ್ದು ಒಂದು ಸುತ್ತು ಹೆಚ್ಚಾಯ್ತು. ಹತ್ತಕ್ಕೆ ಆರೂವರೆ."

ಉಷಾ ಕಚ್ಚಿದಳು, ಕಣ್ಣರಳಿಸಿದಳು. "ಕರೆಕ್ಟು ಕಣೋ! ಹುಳಿನೇ ಮೊದಲು ಬರುತ್ತೆ. ಅದು ಹೇಗೋ ನಿನಗೆ ಗೊತ್ತಾಗೋದು?"

"ಮನೆತನದ ಮೂಗದು, ಏನಂತ ತಿಳದೀ," ಎಂದ ಗುರುಚರಣ ಬಾಯಿ ತುಂಬಿಕೊಂಡು.

ನಾಲ್ಕು ತಿಂಗಳಲ್ಲಿ ಸುಬ್ರಾಯ ಕಲಿತ ವಿದ್ಯೆ ಇದು. ಲೋಕದ ಯಾವ ತಿಂಡಿಯ ಬಗ್ಗೆ ಬೇಕಾದರೂ ಹುಳಿ ಮುಂದಿದೆ, ಜೀರಿಗೆ ಹೆಚ್ಚಿದೆ ಎಂದು ಹೇಳಿ ನೋಡಿ, ಕೇಳಿದವರಿಗೆ ಅದೇ ರುಚಿ ಸಿಗುತ್ತದೆ. ಜನರ ನಾಲಿಗೆ ಅವರ ಕಿವಿಯಲ್ಲಿರುತ್ತದೆ. ಮೊದಲ ಸಲ ಇದು ಗೊತ್ತಾದಾಗ ಅವನಿಗೆ ಸಮಾಧಾನವಾಗಿತ್ತು, ಆಮೇಲೆ ಹೆದರಿಕೆಯಾಗಿತ್ತು, ಈಗ ಎರಡೂ ಅಲ್ಲದ ಒಂಥರಾ ಅಸಹ್ಯ. ಈ ಇಬ್ಬರು ಅವನ ಜೊತೆ ಟಿ. ನಗರದ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಉಷಾ ಮೈಸೂರಿನ ಕಡೆಯ ಮನೆಯವಳು, ಇನ್ಶೂರೆನ್ಸ್ ಕಚೇರಿಯಲ್ಲಿ ದೊಡ್ಡ ಕುರ್ಚಿ. ಗುರುಚರಣ ರೈಲ್ವೆ, ಅವನ ಅಜ್ಜ ಧಾರವಾಡ ಬಿಟ್ಟು ಎಪ್ಪತ್ತು ವರ್ಷವಾದರೂ ಮಾತು ಮಾತ್ರ ಇನ್ನೂ ಅಲ್ಲೇ ಇದೆ. ವರ್ಷಕ್ಕೊಂದು ಭಾನುವಾರ ಮೂವರೂ ಸೇರಿ ಒಂದೇ ತಿಂಡಿಯನ್ನು ಊರೆಲ್ಲ ಸುತ್ತಿ ತಿನ್ನುವುದು. ಒಂದು ವರ್ಷ ಬಜ್ಜಿ, ಒಂದು ವರ್ಷ ಕೊತ್ತು ಪರೋಟ, ಒಂದು ವರ್ಷ ಬರೀ ಕಾಫಿ ಕುಡಿದು ಮೂವರಿಗೂ ಎರಡು ದಿನ ನಿದ್ದೆಯಿಲ್ಲ. ಗುರುಚರಣ ಇದನ್ನು ವರ್ಷಾಂತಿಕ ಎನ್ನುತ್ತಾನೆ, ತಪ್ಪದೆ ಮಾಡಬೇಕು, ಬ್ರಾಹ್ಮಣರಿಗೆ ಹೊಟ್ಟೆ ತುಂಬ ಹಾಕಬೇಕು ಎಂದು. ಈ ಸಲ ಹೊರದೇಶದ ಟಾಕೊ ಎಂದು ಪಟ್ಟಿ ತಂದವಳು ಉಷಾ, ಪಟ್ಟಿ ಮಾಡಿಕೊಟ್ಟವಳು ಅವಳ ಮಗಳು. ಹುರುಳಿಕಾಯಿಯೋ ಅವರೆಯೋ, ಎಂಥದೋ ಬೀಜ ಬೇಯಿಸಿ ಅರೆದು ಜೋಳದ ರೊಟ್ಟಿಯಲ್ಲಿ ಮಡಿಸಿ ಕೊಡುವುದಕ್ಕೆ ಇಷ್ಟು ಹಾರಾಟವೇ ಎಂದು ಸುಬ್ರಾಯ ತಗಾದೆ ತೆಗೆದಿದ್ದ. ತಗಾದೆ ಟಾಕೊದ ಮೇಲಲ್ಲ ಎಂದು ಅವನಿಗೊಬ್ಬನಿಗೇ ಗೊತ್ತು.

ಆಡಿ ತಿಂಗಳಲ್ಲಿ, ನಮ್ಮ ಆಷಾಢದಲ್ಲಿ, ಬಂದ ಜ್ವರ ಐದು ದಿನಕ್ಕೆ ಬಿಟ್ಟಿತು, ಹೋಗುವಾಗ ಮೂಗನ್ನು ಹೊತ್ತುಕೊಂಡು ಹೋಯಿತು. ನಾಲಿಗೆಯೂ ಅದರ ಹಿಂದೆಯೇ ನಡೆಯಿತು. ಬೇರೆ ಯಾರಿಗಾದರೂ ಆಗಿದ್ದರೆ ಡಾಕ್ಟರ ಹತ್ತಿರ ಹೋಗಿ, ಹೆಂಡತಿಯ ಹತ್ತಿರ ಗೋಳಾಡಿ, ಮುಗಿಯುತ್ತಿತ್ತು. ಆದರೆ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿರುವ ಅವರ ಹೋಟೆಲಿನಲ್ಲಿ ಅರವತ್ತು ವರ್ಷದಿಂದ ಒಂದು ನಿಯಮ: ಬೆಳಿಗ್ಗೆ ಐದಕ್ಕೂ ಸಂಜೆ ನಾಲ್ಕಕ್ಕೂ ಸಾಂಬಾರು ಕುದಿದಾಗ ಮೊದಲ ಸೌಟು ಉಡುಪಿ ಕೃಷ್ಣನ ಪಟದ ಮುಂದೆ. ಅದಕ್ಕಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಹಾಗಾದರೆ ಉಪ್ಪು ಗೊತ್ತಾಗುವುದು ಹೇಗೆ? ಅಪ್ಪ ಮುಚ್ಚಳ ಸರಿಸಿ, ಹಬೆಗೆ ಮುಖ ಒಡ್ಡಿ, "ಅರ್ಧ ಮುಷ್ಟಿ" ಎನ್ನುತ್ತಿದ್ದರು. ಅಪ್ಪನ ನಂತರ ಸುಬ್ರಾಯ. ಉಪ್ಪಿಗೆ ವಾಸನೆ ಎಲ್ಲಿಂದ ಬರತದಲೇ ಎಂದು ಗುರುಚರಣ ನೂರು ಸಲ ಕೇಳಿದ್ದಾನೆ. ಸುಬ್ರಾಯನಿಗೂ ಗೊತ್ತಿಲ್ಲ. ಉಪ್ಪು ಕಡಿಮೆಯಿದ್ದ ಬೇಳೆಯ ಹಬೆ ಹಸಿಯಾಗಿ ಬರುತ್ತಿತ್ತು, ಸರಿಯಿದ್ದರೆ ದುಂಡಗೆ ಬರುತ್ತಿತ್ತು, ಅಷ್ಟೇ. ಈಗ ಹಬೆ ಬರೀ ಬಿಸಿ. ಮುಚ್ಚಳ ತೆಗೆದು ನಾಲ್ಕು ತಿಂಗಳಿಂದ ಅವನು ಹೇಳುತ್ತಿರುವುದು ಒಂದೇ ಮಾತು: "ಸರಿ ಇದೆ."

ತಮ್ಮ ಜಯಪ್ರಕಾಶನ ಫೋನು ಬಂದದ್ದು ಉಷಾಳ ಕಾರು ಅಡ್ಯಾರ್ ಸೇತುವೆಯ ಮೇಲಿದ್ದಾಗ. "ಅಣ್ಣ, ಗುಂಡಣ್ಣ ಪೆಟ್ಟಿಗೆ ಕಟ್ಟಿ ಕೂತಿದ್ದಾನೆ. ಸಂಜೆ ಮಂಗಳೂರು ಗಾಡಿಗೆ ಊರಿಗೆ ಹೋಗ್ತಾನಂತೆ, ಇನ್ನು ಬರೋದಿಲ್ಲವಂತೆ. ಒಳ್ಳೇದಾಯ್ತು ಬಿಡಿ. ವಯಸ್ಸಾಯ್ತು, ಕೈ ತಪ್ತಾ ಇತ್ತು. ನಾನು ಅವತ್ತೇ ಹೇಳಿದ್ನಲ್ಲ, ಒಂದು ತಕ್ಕಡಿ ತಂದಿಟ್ರೆ ಈ ರಗಳೆಯೇ ಇಲ್ಲ." ಸುಬ್ರಾಯ "ಹೂಂ, ಹೂಂ" ಎಂದ. ಯಾರು ಎಂದು ಉಷಾ ಕೇಳಿದ್ದಕ್ಕೆ, ಹೋಟೆಲಿಂದ, ನಾಲ್ಕಕ್ಕೆ ವಾಪಸ್ ಬರಬೇಕಂತೆ ಎಂದ. ಪೂರ್ತಿ ಸುಳ್ಳೇನಲ್ಲ, ನಾಲ್ಕರ ಸಾಂಬಾರು ಇದ್ದೇ ಇತ್ತು. ಸೇತುವೆಯ ಕೆಳಗೆ ನದಿ ಕಪ್ಪಗೆ ನಿಂತಿತ್ತು. ಗುರುಚರಣ ಮೂಗು ಮುಚ್ಚಿಕೊಂಡು "ಗಾಜು ಏರಸವ್ವಾ, ಗಬ್ಬು" ಎಂದ, ಸುಬ್ರಾಯ ಒಂದು ಗಳಿಗೆ ತಡವಾಗಿ ತಾನೂ ಮೂಗು ಮುಚ್ಚಿಕೊಂಡ. ಮುಚ್ಚಿಕೊಳ್ಳಲು ಏನಿತ್ತು ಅಲ್ಲಿ?

ಗುಂಡಣ್ಣ ಕುಂದಾಪುರದ ಕಡೆಯವನು, ಮೂವತ್ತನಾಲ್ಕು ವರ್ಷದಿಂದ ಅವರ ಸಾಂಬಾರಿನ ಕೈ. ಸುಬ್ರಾಯ ಕಾಲೇಜಿಗೆ ಹೋಗುತ್ತಿದ್ದಾಗ ಅವನ ಲುಂಗಿಗೆ ತಾನೇ ಅಂಚು ಹೊಲಿದುಕೊಟ್ಟವನು, ಸಿನಿಮಾಕ್ಕೆ ಹೋಗಿ ತಡವಾದರೆ ಅಪ್ಪನ ಕಣ್ಣು ತಪ್ಪಿಸಿ ಹಿಂಬಾಗಿಲು ತೆಗೆದವನು. ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಸುಬ್ರಾಯ ಎಂದಿನಂತೆ ಮುಚ್ಚಳ ಸರಿಸಿ "ಸರಿ ಇದೆ" ಎಂದಿದ್ದ. ಎಂಟು ಗಂಟೆಯ ಹೊತ್ತಿಗೆ ಆರು ಟೇಬಲಿನಿಂದ ಸಾಂಬಾರು ವಾಪಸು. "ಎನ್ನ ಸಾರ್, ಉಪ್ಪೇ ಇಲ್ಲ!" ಇಪ್ಪತ್ತು ವರ್ಷದ ಗಿರಾಕಿಗಳು, ಬ್ಯಾಂಕಿಗೆ ಹೋಗುವ ಮೊದಲು ಎರಡು ಇಡ್ಲಿ ತಿಂದೇ ಹೋಗುವವರು. ಜಯಪ್ರಕಾಶ ಗಲ್ಲಾದಿಂದ ಎದ್ದು ಒಳಗೆ ಬಂದ, ಬಂದು ಅಣ್ಣನ ಮುಖ ನೋಡಿದ. ಆ ನೋಟ ಒಂದೇ ಒಂದು ಕ್ಷಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಸುಬ್ರಾಯನ ಕೈ ತನ್ನ ಮೂಗಿಗೆ ಹೋಗುವುದರಲ್ಲಿತ್ತು, ಅದನ್ನು ಹಾಗೇ ಮುಂದಕ್ಕೆ ಚಾಚಿ ಗುಂಡಣ್ಣನ ಕಡೆ ಬೆರಳು ತೋರಿಸಿದ. "ನಾನು ಮುಚ್ಚಳ ಹಾಕಿದ ಮೇಲೆ ನೀರು ಸುರಿದಿದ್ದೀಯ ನೀನು! ಕಣ್ಣು ಕಾಣೋದಿಲ್ವಾ? ಅರವತ್ತು ವರ್ಷದ ಹೆಸರು ಮುಳುಗಿಸ್ಲಿಕ್ಕೇ ಬಂದದ್ದಾ?" ತನಗಿಂತ ಹತ್ತು ವರ್ಷ ಹಿರಿಯನನ್ನು ಹನ್ನೊಂದು ಜನರ ಎದುರು ಏಕವಚನದಲ್ಲಿ ಬೈದ. ಗುಂಡಣ್ಣ ಸೌಟನ್ನು ತೊಳೆದು ಮೊಳೆಗೆ ತೂಗುಹಾಕಿ, ತರಕಾರಿ ಹೆಚ್ಚುವ ಮಣೆಯ ಹತ್ತಿರ ಹೋಗಿ ಕೂತ. ಅವತ್ತಿನಿಂದ ಅಲ್ಲೇ ಕೂತಿದ್ದಾನೆ. ಹೊಸ ಕೈಗೆ ಸುಬ್ರಾಯ ಹೇಳುವುದು, "ನಿನ್ನೆ ಹಾಕಿದಷ್ಟೇ ಹಾಕು."

ಬೆಸೆಂಟ್ ನಗರದ ಬೀಚಿನ ಎದುರಿನ ಟಾಕೊ ಗಾಡಿ ಒಬ್ಬ ಐವತ್ತೈದರ ಮನುಷ್ಯನದು. ಬ್ಯಾಂಕಿನ ಕೆಲಸ ಬಿಟ್ಟು ಗಾಡಿ ಹಾಕಿದವನಂತೆ, ಏಪ್ರನ್ ಕಟ್ಟಿಕೊಂಡೂ ಮ್ಯಾನೇಜರನಂತೆಯೇ ಕಾಣುತ್ತಿದ್ದ. ಉಷಾ ಸುಮ್ಮನಿರಬಾರದೇ, "ಇವರು ಹೋಟೆಲ್ ಓನರ್, ಇವರ ನಾಲಿಗೆ ಫೇಮಸ್" ಎಂದು ತಮಿಳಿನಲ್ಲಿ ಪರಿಚಯ ಮಾಡಿಕೊಟ್ಟಳು. ಆ ಮನುಷ್ಯ ಕೈ ಒರೆಸಿಕೊಂಡು ಪರೀಕ್ಷೆಗೆ ಕೂತ ಹುಡುಗನಂತೆ ನಿಂತ. ಸುಬ್ರಾಯ ಕಚ್ಚಿದ. ಇದು ಮುರಿಯಲಿಲ್ಲ, ಒದ್ದೆ ಬಟ್ಟೆಯಂತೆ ಮಡಿಸಿಕೊಂಡಿತು. ಹುಳಿ, ಜೀರಿಗೆ ಎರಡನ್ನೂ ಬೆಳಿಗ್ಗೆಯೇ ಖರ್ಚು ಮಾಡಿಬಿಟ್ಟಿದ್ದೇನೆ, ಇಲ್ಲಿ ಬೇರೆ ಏನಾದರೂ ಹೇಳಬೇಕು ಅನ್ನಿಸಿ, ಗಂಭೀರವಾಗಿ, "ಉಪ್ಪು ಒಂದು ಕಲ್ಲು ಹೆಚ್ಚು" ಎಂದ.

ಆ ಮನುಷ್ಯನ ಮುಖ ಬಾಡಿತು. ತನ್ನ ಪಾತ್ರೆಯಿಂದ ಒಂದು ಚಮಚ ತಿಂದು ನೋಡಿದ. "ಸಾರ್, ನಾನ್ ಉಪ್ಪೇ ಪೋಡಲ," ಎಂದ ಮೆಲ್ಲಗೆ, ಉಪ್ಪೇ ಹಾಕಿಲ್ಲವಂತೆ. ಇಲ್ಲಿ ಬರುವವರೆಲ್ಲ ಬಿಪಿಗೆ ಹೆದರಿ ವಾಕಿಂಗ್ ಬರುವವರು, ಅದಕ್ಕೆ ಉಪ್ಪು ಬೇರೆಯೇ ಪೊಟ್ಟಣದಲ್ಲಿ ಕೊಡುತ್ತೇನೆ ಎಂದು ಪೊಟ್ಟಣವನ್ನೂ ತೋರಿಸಿದ.

ಗುರುಚರಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಲೇ, ಸಮುದ್ರದ ಗಾಳಿ ತಿಂದು ಉಪ್ಪು ಅಂದಿ ಏನು?"

"ಚೀಸಿನಲ್ಲಿ ಇರೋದಿಲ್ವಾ ಉಪ್ಪು? ನಾನು ಹೇಳಿದ್ದು ಅದು," ಎಂದ ಸುಬ್ರಾಯ. ಬಾಯಿಗೆ ಬಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆ ಮನುಷ್ಯ "ಅದು ಸರಿ ಸಾರ್, ಚೀಸ್ ಬದಲಾಯಿಸ್ತೇನೆ" ಎಂಬರ್ಥದಲ್ಲಿ ತಲೆಯಾಡಿಸಿದ. ಅದನ್ನು ನೋಡಿ ಸುಬ್ರಾಯ ತಟ್ಟೆ ಕೆಳಗಿಟ್ಟ. ಮೂರು ವಾರದ ಹಿಂದೆ ಗುಂಡಣ್ಣನೂ ಹೀಗೇ ತಲೆಯಾಡಿಸಿದ್ದನೇ? ಇಲ್ಲ, ಗುಂಡಣ್ಣ ಆಡಿಸಿರಲಿಲ್ಲ. ನೇರವಾಗಿ ನೋಡಿದ್ದ. ಬೈಸಿಕೊಂಡವನ ಕಣ್ಣಲ್ಲಿ ಸಿಟ್ಟಿರಬೇಕು, ಅಳು ಇರಬೇಕು. ಅವನ ಕಣ್ಣಲ್ಲಿ ಇದ್ದದ್ದು ಬೇರೆ ಏನೋ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಕಣ್ಣಲ್ಲಿ ಇರುವಂಥದು. ಅದನ್ನು ನೆನೆದರೇ ಸುಬ್ರಾಯನಿಗೆ ಮೈ ಉರಿಯುತ್ತದೆ. ಬೈದರೂ ಬೈಸಿಕೊಳ್ಳದವನ ಮೇಲೆ ಬರುವ ಸಿಟ್ಟಿದೆಯಲ್ಲ, ಅದರಷ್ಟು ಹಲ್ಕಾ ಸಿಟ್ಟು ಬೇರೆ ಇಲ್ಲ. ಹೋಗಲಿ ಊರಿಗೆ, ಪೀಡೆ ಕಳೆಯಿತು ಎಂದು ಮನಸ್ಸಿನಲ್ಲೇ ಅಂದು ನೋಡಿದ. ಮನಸ್ಸು ಒಪ್ಪಲಿಲ್ಲ. ಈಗಲೇ ಫೋನ್ ಮಾಡಿ, ಗುಂಡಣ್ಣ, ಹೋಗಬೇಡಿ, ತಪ್ಪು ನನ್ನದು ಎನ್ನಬಹುದು. ಎಷ್ಟು ಹೊತ್ತಿನ ಮಾತು. ಆದರೆ ಹಾಗೆಂದರೆ ಯಾಕೆ ತಪ್ಪಿತು ಎಂದು ಹೇಳಬೇಕು. ಹೇಳಿದರೆ ನಾಳೆಯಿಂದ ಅಡಿಗೆಮನೆಯ ಬಾಗಿಲಲ್ಲಿ ತನ್ನ ಸ್ಟೂಲಿನ ಮೇಲೆ ಜಯಪ್ರಕಾಶನ ತಕ್ಕಡಿ ಕೂರುತ್ತದೆ. ಮೂಗಿಲ್ಲದ ಸುಬ್ರಾಯ ಎಂದರೆ ಏನು? ದೋಸೆ ಹೊಯ್ಯಲು ಬಾರದು, ಗಲ್ಲಾ ನೋಡಲು ಬಾರದು. ಬರುವವರನ್ನು ಬನ್ನಿ ಬನ್ನಿ ಎನ್ನುತ್ತ ನಿಲ್ಲುವ ಬೊಂಬೆ.

ಶೋಳಿಂಗನಲ್ಲೂರಿನ ಮೂರನೆಯ ಅಂಗಡಿಗೆ ಬರುವ ಹೊತ್ತಿಗೆ ಎರಡೂವರೆ. ವಾರದ ದಿನಗಳಲ್ಲಿ ಕಾಲಿಡಲು ಜಾಗವಿಲ್ಲದ ರಸ್ತೆ, ಭಾನುವಾರವಾದ್ದರಿಂದ ಕಂಪನಿಗಳ ಗಾಜಿನ ಕಟ್ಟಡಗಳು ಗಿರಾಕಿಯಿಲ್ಲದೆ ನಿಂತಿದ್ದವು. ಅಂಗಡಿಯಲ್ಲಿ ಇವರೇ ಮೂವರು. ಗಲ್ಲಾದ ಹಿಂದಿದ್ದ ಹೆಂಗಸು ತಟ್ಟೆ ತಂದಿಟ್ಟು, ಹೇಗಿದೆ ಹೇಳಿ ಎನ್ನುವಂತೆ ದೂರದಿಂದಲೇ ನೋಡುತ್ತ ನಿಂತಳು. ಬೆಳಿಗ್ಗೆಯಿಂದ ಇಬ್ಬರ ಅಡಿಗೆಗೆ ಇಲ್ಲದ ದೋಷ ಹೊರಿಸಿ ಬಂದಿದ್ದೇನೆ, ಮೂರು ವಾರದ ಹಿಂದಿನದು ಬೇರೆ ಇದೆ, ಈಕೆಯನ್ನಾದರೂ ಬಾಯಿ ತುಂಬ ಹೊಗಳಿಬಿಡಬೇಕು ಎಂದು ಸುಬ್ರಾಯನಿಗೆ ತೀವ್ರವಾಗಿ ಅನ್ನಿಸಿತು. ಟಾಕೊವನ್ನು ಎತ್ತಿಕೊಂಡ. ಒಂದು ಕಚ್ಚಲ್ಲ, ಪೂರ್ತಿ ತಿಂದ. ಬೆರಳಿಗೆ ಹತ್ತಿದ ಬೀಜದ ಹಿಟ್ಟನ್ನೂ ನೆಕ್ಕಿದ. "ಒಂಬತ್ತು!" ಎಂದ. "ಇವತ್ತಿನದಲ್ಲ ಮಾರಾಯರೆ, ಇಪ್ಪತ್ತು ವರ್ಷದಲ್ಲೇ ಇಂಥದ್ದು ತಿಂದಿಲ್ಲ. ಕೈಯಂದ್ರೆ ಕೈ ಇದು!"

ಗುರುಚರಣ ಆಸೆಯಿಂದ ದೊಡ್ಡದೊಂದು ತುತ್ತು ಕಚ್ಚಿ, ಎರಡು ಸಲ ಅಗಿದು, ಎದ್ದು ಓಡಿ ಬಾಗಿಲಾಚೆಯ ಹೂಕುಂಡದಲ್ಲಿ ಉಗಿದ. ಉಷಾ ತನ್ನದನ್ನು ಮೂಗಿನ ಹತ್ತಿರ ತಂದವಳು ಅಲ್ಲಿಂದಲೇ ಕೆಳಗಿಟ್ಟಳು. ಬಿಡಿಸಿ ನೋಡಿದರೆ ಬೀಜದ ಹಿಟ್ಟಿನಲ್ಲಿ ಸಣ್ಣ ಸಣ್ಣ ಗುಳ್ಳೆ. "ಹಳಸಿದೆ," ಎಂದಳು. "ಇವತ್ತು ನಿನ್ನೆಯದಲ್ಲ, ಶುಕ್ರವಾರದ್ದು."

"ನಮ್ಮನ್ನ ಕೊಲ್ಲಾಕ ನಿಂತೀ ಏನಲೇ ಮಗನ! ಒಂಬತ್ತಂತ ಒಂಬತ್ತು! ಎಮ್ಮಿಗೆ ಹಾಕಿದ್ರ ಎಮ್ಮಿ ತಿನ್ನೂದಿಲ್ಲ ಇದನ್ನ!" ಗುರುಚರಣ ನಗುತ್ತಲೇ ಬಾಯಿ ಮುಕ್ಕಳಿಸಿದ, ಮತ್ತೆ ನಕ್ಕ, ಕಣ್ಣೀರು ಒರೆಸಿಕೊಂಡ. ಅಂಗಡಿಯ ಹೆಂಗಸು ಓಡಿ ಬಂದು ಕೈ ಮುಗಿದು, ಫ್ರಿಜ್ಜು ಕೆಟ್ಟಿತ್ತು ಎಂದು ಏನೇನೋ ಹೇಳುತ್ತಿದ್ದಳು. ಸುಬ್ರಾಯನೂ ನಗಲು ನೋಡಿದ. ಕಡಲೆ ಚಟ್ನಿ ಹಳಸಿದ್ದನ್ನು ಬೀದಿಯ ತುದಿಯಿಂದಲೇ ಹೇಳುತ್ತಿದ್ದವನು. ಹೋಟೆಲಿನವನಿಗೆ ಹೆಂಡತಿ ಬಿಟ್ಟು ಹೋದರೂ ಮಾನ ಉಳಿಯುತ್ತದೆ, ಹಳಸಿದ್ದು ಗೊತ್ತಾಗದಿದ್ದರೆ ಉಳಿಯುವುದಿಲ್ಲ. ಉಷಾ ನಗುತ್ತಿರಲಿಲ್ಲ. ಕೈಚೀಲದಿಂದ ಅವಳು ಸದಾ ಇಟ್ಟುಕೊಳ್ಳುವ ಅಮೃತಾಂಜನದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಮೂಗಿನ ಕೆಳಗೆ ಹಿಡಿದಳು.

"ಇದು ಏನು ಹೇಳು. ಕಣ್ಣು ಮುಚ್ಚಿ ಹೇಳು."

ಅವನು ಕಣ್ಣು ಮುಚ್ಚಲಿಲ್ಲ. ಡಬ್ಬಿಯನ್ನೇ ನೋಡಿದ.

"ಎಷ್ಟು ದಿನ ಆಯ್ತೋ?"

"ಆಡಿಯಿಂದ," ಎಂದ. ಗುರುಚರಣನ ನಗು ನಿಂತಿತು. ಮೂಗಿನೊಳಗೆ ಅಮೃತಾಂಜನ ಸಣ್ಣಗೆ ಉರಿಯಿತು, ವಾಸನೆಯಿಲ್ಲದ ಉರಿ, ಅದರ ನೆವದಲ್ಲಿ ಕಣ್ಣಿನಲ್ಲಿ ನೀರು ಬಂತು. ಗುಂಡಣ್ಣನ ವಿಷಯವನ್ನೂ ಹೇಳಿಬಿಟ್ಟ. ಹೇಳುವಾಗ ತನ್ನ ಕಡೆಗೆ ಒಂದಿಷ್ಟು ವಾಲಿಸಿ ಹೇಳಲು ನೋಡಿದ, ಆಗಲಿಲ್ಲ. ಕಥೆ ಎಲ್ಲಿ ಹಿಡಿದರೂ ತಾನೇ ಕಳ್ಳ. ಗುರುಚರಣ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟು, "ಮೂಗು ಹೋದದ್ದು ನಿನ್ನ ತಪ್ಪಲ್ಲಪಾ," ಎಂದ. "ಬಾಯಿ ಇತ್ತಲ್ಲ?" ಅವನು ಸಾಮಾನ್ಯವಾಗಿ ಇಷ್ಟು ಮೆತ್ತಗೆ ಮಾತಾಡುವವನಲ್ಲ. ಉಷಾ ಆಗಲೇ ಕಾರಿನ ಕೀಲಿ ಕೈಗೆ ತೆಗೆದುಕೊಂಡಿದ್ದಳು.

ವೆಸ್ಟ್ ಮಾಂಬಲಂ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಇಬ್ಬರನ್ನೂ ಕೆಳಗೆ ಕಾಫಿಗೆ ಕೂರಿಸಿ ಸುಬ್ರಾಯ ಮಹಡಿಯ ಮೇಲಿನ ಕೆಲಸದವರ ಕೋಣೆಗೆ ಹೋದ. ಗುಂಡಣ್ಣ ಬಿಳಿ ಪಂಚೆ, ಇಸ್ತ್ರಿ ಅಂಗಿ ತೊಟ್ಟು, ಪೆಟ್ಟಿಗೆಯ ಮೇಲೆ ಕೂತಿದ್ದ. ಅಡಿಗೆಮನೆಯ ಹೊರಗೆ ಅವನನ್ನು ಅಂಗಿಯಲ್ಲಿ ನೋಡಿದ್ದೇ ಕಡಿಮೆ; ಯಾರೋ ಹೊಸಬರ ಮನೆಗೆ ಬಂದಂತಾಯಿತು.

"ಅವತ್ತು ಉಪ್ಪು ತಪ್ಪಿದ್ದು ನಿಮ್ಮದಲ್ಲ ಗುಂಡಣ್ಣ. ನಂಗೆ ವಾಸನೆ ಗೊತ್ತಾಗುದಿಲ್ಲ," ಎಂದ ಸುಬ್ರಾಯ, ನಿಂತಲ್ಲಿಂದಲೇ, ಒಂದೇ ಉಸಿರಿಗೆ.

"ಅದು ನಂಗೊತ್ತಿತ್ತ್ ಮಾರಾಯ್ರೆ," ಎಂದ ಗುಂಡಣ್ಣ. "ಕೃಷ್ಣಾಷ್ಟಮಿ ದಿನ ಹಾಲು ತಳ ಹಿಡಿದು ಬೀದಿಗೆಲ್ಲ ವಾಸನೆ, ನೀವ್ ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಅವತ್ತಿಂದ ನಾನೇ ಕುಡಿದು ಕಂಡು ಉಪ್ಪು ಹಾಕಿದ್ದ್. ಯಾರೂ ಕಾಣದ ಹಾಗೆ, ಅಂಗೈಯಲ್ಲಿ ಎರಡು ಹನಿ."

"ದೇವರಿಗೆ ಇಡುವ ಮೊದಲೇ?"

"ಮೊದಲೇ. ದಿನಾ ಎಂಜಲೇ ಇಟ್ಟದ್ದ್. ಎಂತ ಮಾಡುದ್? ನಿಮ್ಮ ಮಾನ ಹೋತಿತ್ತಲ್ಲ." ಗುಂಡಣ್ಣ ಪಂಚೆಯ ಅಂಚನ್ನು ಸರಿಮಾಡಿಕೊಂಡ. "ಆ ದಿನ ಏಕಾದಶಿ. ನಾನ್ ನೀರೂ ಮುಟ್ಟುದಿಲ್ಲ, ನಿಮಗೆ ಗೊತ್ತಿತ್ತಲ್ಲ. ಕುಡಿದು ಕಾಣುಕೆ ಆಯ್ಲಿಲ್ಲ. ಹಿಂದಿನ ಏಕಾದಶಿಗೆಲ್ಲ ಹಳೇ ಅಂದಾಜಿಗೇ ಪೂರಾ ಹಾಕಿ ದಾಟ್ಸಿದ್ದೆ. ಅವತ್ತ್ ಅರ್ಧ ಹಾಕಿ, ಬಾಕಿ ಇವತ್ತೊಂದು ದಿನ ನೀವೇ ಹೇಳ್ತ್ರೇನೋ ಅಂತ ಕಾದೆ. ನೀವ್ ಸರಿ ಇದೆ ಅಂದ್ರಿ." ಪೆಟ್ಟಿಗೆಯ ಕೊಂಡಿ ಮುಟ್ಟಿ ನೋಡಿ ಅಂದ, "ಬೈದದ್ದು ಬೇಜಾರಿಲ್ಲ ರಾಯರೆ. ನಿಮಗೋಸ್ಕರ ನಾನ್ ಎರಡೂವರೆ ತಿಂಗಳು ದೇವರಿಗೆ ಮೋಸ ಮಾಡಿದೆ. ನಂಗೋಸ್ಕರ ನೀವ್ ಜನರೆದುರು ಒಂದು ಮಾತು ಆಡ್ಲಿಲ್ಲ."

ಕೆಳಗಿನಿಂದ ಯಾರೋ ಕೂಗಿದರು, ಸಾಂಬಾರು ಕುದೀತಾ ಇದೆ, ಮುಚ್ಚಳ ತೆಗೀಬೇಕು. ಸುಬ್ರಾಯ ಇಳಿದು ಹೋದ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಾಲು ಅಭ್ಯಾಸಬಲದಿಂದ ಒಲೆಯ ಮುಂದೆ ತಂದು ನಿಲ್ಲಿಸಿತು. ಬಜ್ಜಿಯ ಬಾಣಲೆಯವನು, ರುಬ್ಬುವವನು, ಹೊಸ ಕೈ, ತಟ್ಟೆ ತೊಳೆಯುವ ಅಮ್ಮಣ್ಣಿ, ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಅದು ದಿನವೂ ಹಾಗೇ. ಜಯಪ್ರಕಾಶನೂ ಬಾಗಿಲಿಗೆ ಬಂದ. ಸುಬ್ರಾಯ ಮುಚ್ಚಳ ಸರಿಸಿ ಹಬೆಗೆ ಮುಖ ಒಡ್ಡಿದ. ಬಿಸಿ. ಎರಡೇ ಶಬ್ದ ಹೇಳಿದರೆ ಈ ದಿನವೂ ದಾಟುತ್ತದೆ, ಗುಂಡಣ್ಣ ಗಾಡಿ ಹತ್ತುತ್ತಾನೆ, ಮೂಗು ಎಂದಾದರೂ ವಾಪಸ್ ಬಂದೀತು. ಬಾಯಿ ಆ ಎರಡು ಶಬ್ದಕ್ಕೆ ತೆರೆದೂ ಆಗಿತ್ತು.

"ನಂಗೆ ಗೊತ್ತಾಗುದಿಲ್ಲ," ಎಂದ. ತನ್ನ ದನಿ ಇಷ್ಟು ಜೋರಾಗಿ ಬಂದದ್ದು ಅವನಿಗೇ ಆಶ್ಚರ್ಯ. "ನಾಲ್ಕು ತಿಂಗಳಿಂದ ನಂಗೆ ಏನೂ ಗೊತ್ತಾಗುದಿಲ್ಲ. ಅವತ್ತು ಉಪ್ಪು ತಪ್ಪಿಸಿದ್ದು ಗುಂಡಣ್ಣ ಅಲ್ಲ, ನಾನು. ಸುಳ್ಳು ಹೇಳಿ ಅವರಿಗೆ ಬೈದೆ."

ಬಜ್ಜಿ ಕರಟುತ್ತಿತ್ತು, ಯಾರೂ ತಿರುವಲಿಲ್ಲ. "ಅಣ್ಣ, ಇದೆಲ್ಲ ಆಮೇಲೆ ಮಾತಾಡುವ," ಎಂದ ಜಯಪ್ರಕಾಶ ಗಂಟಲು ಸರಿಮಾಡಿಕೊಂಡು, "ಈಗ ಗಿರಾಕಿ ಬಂದಾಯ್ತು. ಇದರ ಉಪ್ಪು ಯಾರು ಹೇಳೋದು?"

ಮೆಟ್ಟಿಲ ಮೇಲೆ ಗುಂಡಣ್ಣ ಪೆಟ್ಟಿಗೆ ಹಿಡಿದು ನಿಂತಿದ್ದ. ಸುಬ್ರಾಯ ಮೊಳೆಯಿಂದ ಸೌಟು ತೆಗೆದು ಅವನ ಕಡೆಗೆ ಚಾಚಿದ. "ನೀವು ಕುಡಿದು ಹೇಳಿ. ಎಲ್ಲರ ಎದುರೇ ಕುಡಿದು ಹೇಳಿ."

ಗುಂಡಣ್ಣ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿಟ್ಟು ಬಂದ. ಸೌಟು ತೆಗೆದುಕೊಂಡವನು ಕೃಷ್ಣನ ಪಟವನ್ನು ನೋಡಿದ, ಕೊಪ್ಪರಿಗೆಯನ್ನು ನೋಡಿದ. ಆಮೇಲೆ ಒಂದು ಸೌಟು ಸಾಂಬಾರು ಮೊಗೆದು ಪಟದ ಮುಂದಿನ ಬಟ್ಟಲಿಗೆ ಹೊಯ್ದ.

"ಅಯ್ಯೋ, ಉಪ್ಪು ನೋಡ್ಲಿಲ್ಲ ಇನ್ನೂ!" ಎಂದಳು ಅಮ್ಮಣ್ಣಿ.

"ಇರಲಿ. ವಾಪಸ್ ಕಳಿಸುವ ಗಿರಾಕಿ ಅಲ್ಲ ಅವ," ಎಂದ ಗುಂಡಣ್ಣ. ಎರಡನೆಯ ಸೌಟಿನಿಂದ ಅಂಗೈಗೆ ಸುರಿದುಕೊಂಡು, ಹನ್ನೊಂದು ಜನ ನೋಡುತ್ತಿದ್ದ ಹಾಗೆಯೇ ಸೊರ್ರೆಂದು ಕುಡಿದ, ನಾಲಿಗೆ ಚಪ್ಪರಿಸಿದ. "ಉಪ್ಪು ಸಾಲುದಿಲ್ಲ, ಇನ್ನೊಂದು ಮುಷ್ಟಿ ಬೇಕ್."

ಉಪ್ಪಿನ ಡಬ್ಬ ಹತ್ತಿರವಿದ್ದದ್ದು ಹೊಸ ಕೈಗೆ. ಅವನು ಮುಂದೆ ಬರುವ ಮೊದಲೇ ಸುಬ್ರಾಯ ಅಂಗಿಯ ತೋಳು ಮಡಿಸಿ ಡಬ್ಬಕ್ಕೆ ಕೈ ಹಾಕಿದ, ಮುಷ್ಟಿ ತುಂಬ ಎತ್ತಿ ಗುಂಡಣ್ಣನ ಮುಂದೆ ಹಿಡಿದು, ಇಷ್ಟು ಸಾಕಾ ಎಂದು ಕೇಳಿದ.